ಸುಣ್ಣದ ಚೀಲ

ಜೂನ್ 14, 2024

ಶ್ರೀಮತಿ ತಂಗಮ್ಮನವರಿಗೆ ನಮಸ್ಕಾರ.

ನಾನು ನಿಮ್ಮ ತೋಟದ ಕೆಳಗಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಿಮಗೆ ಎರಡು ಸಲ ಫೋನ್ ಮಾಡಿದೆ. ಮೊದಲ ಸಲ "ನನಗೆ ಶಾಲೆಗೆ ಹೋಗೋ ಮಕ್ಕಳಿಲ್ಲ" ಎಂದಿರಿ. ಎರಡನೆಯ ಸಲ "ಹೇಳೋದಿದ್ರೆ ಬರೆದು ಕಳಿಸಿ, ಫೋನಲ್ಲಿ ಆಡಿದ ಮಾತಿಗೆ ಸಾಕ್ಷಿ ಇಲ್ಲ" ಎಂದು ಇಟ್ಟುಬಿಟ್ಟಿರಿ. ಬರೆಯುತ್ತಿದ್ದೇನೆ.

ನಿಮ್ಮ ತೋಟದ ಕೆಲಸಗಾರ ಜವರನ ಮಗಳು ಸುಮಿತಾ ನನ್ನ ವಿದ್ಯಾರ್ಥಿನಿ, ಹತ್ತನೆಯ ತರಗತಿ. ಸೋಮವಾರದಿಂದ ಶಾಲೆಗೆ ಬಂದಿಲ್ಲ. ಇವತ್ತು ಅವಳ ತಾಯಿ ಬೆಳ್ಳಿ ಟಿ.ಸಿ. ಕೇಳಿಕೊಂಡು ಬಂದಳು. ಇಪ್ಪತ್ತೆರಡು ವರ್ಷ ನಿಮ್ಮಲ್ಲಿ ದುಡಿದ ಜವರನನ್ನು ತೆಗೆದುಹಾಕಿದ್ದೀರಿ, ತಿಂಗಳ ಕೊನೆಯೊಳಗೆ ಆಳುಗಳ ಲೈನ್ ಮನೆ ಬಿಡಬೇಕು ಎಂದಿದ್ದೀರಿ ಎಂದು ಹೇಳಿದಳು. ಮೇ ಕೊನೆಯಲ್ಲಿ ಕರಿಮೆಣಸಿನ ಬಳ್ಳಿಗಳಿಗೆ ಹೊಡೆದ ಬೋರ್ಡೋ ದ್ರಾವಣ ಎಲೆಗಳನ್ನು ಸುಟ್ಟಿತು, ಜವರ ಕುಡಿದು ತಪ್ಪಾಗಿ ಬೆರೆಸಿದ ಎಂಬುದು ನಿಮ್ಮ ಆರೋಪ.

ಬೆಳ್ಳಿ ಹೇಳುವುದು ಬೇರೆ. ಜವರ ಕುಡಿತ ಬಿಟ್ಟು ಎಂಟು ವರ್ಷವಾಯಿತು. ಅವನು ಮೈಲುತುತ್ತ ಒಂದು ಪಾಲು, ಸುಣ್ಣ ಒಂದು ಪಾಲು ತೂಗಿಯೇ ಬೆರೆಸಿದ. ವಾಡಿಕೆಯಂತೆ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿಯೂ ನೋಡಿದ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತು. ಹಾಗೆ ಕೂತರೆ ಸುಣ್ಣ ಸಾಲದು ಎಂದರ್ಥ. ಅದನ್ನು ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ಸಣ್ಣಸ್ವಾಮಿಗೆ ಹೇಳಿದನಂತೆ. ಹೊಡೆಯಿರಿ ಎಂದು ಅಪ್ಪಣೆಯಾಯಿತಂತೆ.

ಮಾರ್ಚ್‌ನಲ್ಲಿ ಹುಡುಗಿಗೆ ಪಬ್ಲಿಕ್ ಪರೀಕ್ಷೆ. ಅಲ್ಲಿಯವರೆಗಾದರೂ ಆ ಕುಟುಂಬ ಲೈನ್‌ನಲ್ಲಿರಲು ಬಿಡಿ. ಸುಣ್ಣವನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂಬುದನ್ನೂ ತಿಳಿಸಿ.

ಇತಿ,
ಪದ್ಮಾಕ್ಷಿ
ವಿಜ್ಞಾನ ಶಿಕ್ಷಕಿ


ಕಕ್ಕಬೆ
ಜೂನ್ 19

ಟೀಚರಿಗೆ,

ಬರೆದು ಕಳಿಸಿ ಅಂದದ್ದು ನೀವು ಬರೆಯಲಾರಿರಿ ಅಂದುಕೊಂಡು. ನನ್ನ ಅಂದಾಜು ತಪ್ಪಿತು.

ನಾನ್ನೂರು ಬಳ್ಳಿ. ನನ್ನ ಗಂಡ ಬದುಕಿದ್ದಾಗ ನೆಟ್ಟದ್ದು. ಹನ್ನೊಂದು ವರ್ಷದಿಂದ ಒಬ್ಬಳೇ ನೋಡಿಕೊಂಡು ಬಂದಿದ್ದೇನೆ. ಮದ್ದು ಹೊಡೆದ ಎಂಟನೇ ದಿನಕ್ಕೆ ಎಳೆ ಎಲೆಯೆಲ್ಲ ಕಾದ ಹಂಚಿನ ಮೇಲೆ ಇಟ್ಟ ಹಾಗೆ ಅಂಚಿನಿಂದ ಕರಟುತ್ತಾ ಬಂತು. ಹೂ ಬರಬೇಕಾದ ಚಿಗುರು ಮುಟ್ಟಿದರೆ ಕೈಗೆ ಬರುತ್ತಿತ್ತು. ನೀವು ಬಂದು ನೋಡಿದ್ದೀರಾ? ಇಲ್ಲ. ಬೆಳ್ಳಿಯ ಕಣ್ಣೀರು ನೋಡಿದ್ದೀರಿ.

ಬೆರೆಸಿದವ ಜವರ. ಅವನೇ ಜವಾಬ್ದಾರ. ಕುಡಿದಿದ್ದ ಅಂತ ರೈಟರ್ ಹೇಳಿದ, ನಾನು ನಂಬಿದೆ. ಕತ್ತಿಯ ಕಥೆಯನ್ನು ಆಮೇಲೆ ಯಾರು ಬೇಕಾದರೂ ಕಟ್ಟಬಹುದು. ಲೈನ್ ಮನೆ ಕೆಲಸ ಮಾಡುವವರಿಗೆ ಇರುವುದು, ಪರೀಕ್ಷೆ ಬರೆಯುವವರಿಗಲ್ಲ.

ಸುಣ್ಣ ಪರೀಕ್ಷೆ ಮಾಡಬೇಕಂತೆ! ನಾನೂ ಮಡಿಕೇರಿಯಲ್ಲಿ ಪಿಯುಸಿ ಸೈನ್ಸ್ ಓದಿದವಳು. ಸುಣ್ಣ ಸುಣ್ಣವೇ. ನೀವು ನಿಮ್ಮ ಸೀಮೆಸುಣ್ಣ ನೋಡಿಕೊಳ್ಳಿ.

ತಂಗಮ್ಮ


ಜೂನ್ 27, 2024

ಶ್ರೀಮತಿ ತಂಗಮ್ಮನವರಿಗೆ,

ಸುಣ್ಣ ಸುಣ್ಣವೇ ಎಂದು ಬರೆದಿದ್ದೀರಿ. ನನ್ನ ತರಗತಿಯಲ್ಲಿ ಹಾಗೆ ಬರೆದರೆ ಸೊನ್ನೆ ಕೊಡುತ್ತೇನೆ.

ಅರಳಿದ ಸುಣ್ಣ ಪ್ರತ್ಯಾಮ್ಲ. ಮೈಲುತುತ್ತದ ನೀರು ಆಮ್ಲೀಯ. ಎರಡೂ ಸೇರಿದಾಗ ಒಂದು ಇನ್ನೊಂದರ ಉರಿಯನ್ನು ಇಳಿಸುತ್ತದೆ, ತಾಮ್ರ ನೀಲಿ ಗಸಿಯಾಗಿ ಎಲೆಯ ಮೇಲೆ ತೆಳ್ಳಗೆ ಕೂತು ರೋಗ ತಡೆಯುತ್ತದೆ. ಆದರೆ ಸುಣ್ಣದ ಚೀಲ ತಿಂಗಳುಗಟ್ಟಲೆ ಬಾಯಿ ಬಿಚ್ಚಿಕೊಂಡಿದ್ದರೆ ಅದು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಸುಣ್ಣದಕಲ್ಲಿನ ಪುಡಿಯಾಗುತ್ತದೆ. ನೋಡಲು ಅದೇ ಬಿಳುಪು, ತಕ್ಕಡಿಯಲ್ಲೂ ಕಡಿಮೆ ತೂಗುವುದಿಲ್ಲ, ಕೆಲಸ ಮಾತ್ರ ಮಾಡುವುದಿಲ್ಲ. ಆಗ ತಾಮ್ರ ನೀರಿನಲ್ಲಿ ಬಿಡಿಯಾಗಿ ಉಳಿಯುತ್ತದೆ. ಕಬ್ಬಿಣ ಕಂಡರೆ ಅದರ ಮೇಲೆ ಕೂರುತ್ತದೆ. ಎಲೆಯಡಿಯ ಪತ್ರರಂಧ್ರ ಸಿಕ್ಕರೆ ಒಳಗೆ ಇಳಿದು ಜೀವಕೋಶಗಳನ್ನು ಕೊಲ್ಲುತ್ತದೆ. ನಿಮ್ಮ ಎಳೆ ಎಲೆಗಳು ಕರಟಿದ್ದು ಹೀಗೆ.

ಇದು ಊಹೆಯಲ್ಲ. ಖಾಲಿ ಚೀಲದ ತಳದಲ್ಲಿ ಉಳಿದಿದ್ದ ಪುಡಿಯನ್ನು ಬೆಳ್ಳಿ ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ತಂದಿದ್ದಳು. ನಲವತ್ತೊಂದು ಮಕ್ಕಳ ಮುಂದೆ ಅದನ್ನು ವಿನೆಗರಿಗೆ ಹಾಕಿದೆ. ಬುಸುಬುಸು ನೊರೆಯುಕ್ಕಿ ಗ್ಲಾಸಿನಿಂದ ಹೊರಗೆ ಸುರಿಯಿತು. ಒಳ್ಳೆಯ ಸುಣ್ಣ ನೊರೆಯುಕ್ಕುವುದಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಸುಮಿತಾ ಮಾತ್ರ ತಟ್ಟಲಿಲ್ಲ. ಟಿ.ಸಿ. ಕೊಡುವುದಿಲ್ಲ ಎಂದು ಹಟ ಹಿಡಿದು ಅವಳನ್ನು ವಾಪಸು ಕರೆಸಿಕೊಂಡಿದ್ದೆ. ಅಪ್ಪ ಕುಡುಕ ಅನ್ನಿಸಿಕೊಂಡ ಮಗು ಎಲ್ಲಿಂದ ಚಪ್ಪಾಳೆ ತಟ್ಟಬೇಕು?

ಕುಡಿದದ್ದು ಜವರ ಅಲ್ಲ. ನಿಮ್ಮ ಸ್ಟೋರಿನ ಚೀಲ ಗಾಳಿ ಕುಡಿಯಿತು. ಸ್ಟೋರ್ ನಿಮ್ಮದು.

ಪದ್ಮಾಕ್ಷಿ


ಕಕ್ಕಬೆ
ಜುಲೈ 6

ಟೀಚರಿಗೆ,

ನನ್ನ ಸ್ಟೋರಿನಿಂದ ಹೇಳದೆ ಕೇಳದೆ ತಂದ ಸಾಮಾನನ್ನು ಇಟ್ಟುಕೊಂಡು ನನ್ನ ಮರ್ಯಾದೆಯನ್ನು ನಲವತ್ತೊಂದು ಮಕ್ಕಳ ಮುಂದೆ ನೊರೆಯಾಗಿ ಚೆಲ್ಲಿದಿರಿ. ಆ ನಲವತ್ತೊಂದರಲ್ಲಿ ಅರ್ಧ ಮಕ್ಕಳ ಅಪ್ಪ ಅಮ್ಮ ನನ್ನ ತೋಟದಲ್ಲೋ ನನ್ನ ನೆಂಟರ ತೋಟದಲ್ಲೋ ಕೆಲಸ ಮಾಡುವವರು. ಈಗ ಕಳೆ ತೆಗೆಯುವ ಹೆಂಗಸರು ನನ್ನನ್ನು ಕಂಡ ಕೂಡಲೆ ಮಾತು ನಿಲ್ಲಿಸುತ್ತಾರೆ. ಇದೂ ಪಾಠದಲ್ಲಿ ಉಂಟಾ?

ನಿಮ್ಮ ಮೇಲಿನವರಿಗೆ ದೂರು ಬರೆದಿದ್ದೇನೆ. ಪ್ರತಿ ಇದರ ಜೊತೆಗಿದೆ.

ಇನ್ನೊಂದು ವಿಷಯ. ಜವರನ ಮನೆಯವರು ಮೊನ್ನೆ ಲೈನ್ ಬಿಟ್ಟರು. ಬೆಳ್ಳಿಯ ಅಣ್ಣ ಕರಿಕೆಯಲ್ಲಿ ರಬ್ಬರ್ ತೋಟದಲ್ಲಿದ್ದಾನಂತೆ, ಅಲ್ಲಿಗೆ. ನಾನು ಹೊರಗೆ ಹಾಕಲಿಲ್ಲ. ಕೊಟ್ಟ ದಿನ ಮುಗಿಯಿತು, ಅವರೇ ಹೋದರು. ಪಾತ್ರೆ, ಹಾಸಿಗೆ, ಎರಡು ಕೋಳಿ. ಹುಡುಗಿ ನಿಮ್ಮ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಹಿಡಿದಿದ್ದಳು. ಲೈನಿನವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು.

ನೀವು ಬಾಯಿ ಹಾಕದೆ ಇದ್ದಿದ್ದರೆ ಮಳೆ ಕಡಿಮೆಯಾಗುವವರೆಗೆ ಇರಲಿ ಅನ್ನುತ್ತಿದ್ದೆನೋ ಏನೋ. ನಿಮ್ಮ ಕಾಗದ ಬಂದ ಮೇಲೆ ಆ ಮನಸ್ಸೂ ಬರಲಿಲ್ಲ.

ತಂಗಮ್ಮ


ಕಕ್ಕಬೆ
ಜುಲೈ 24

ಟೀಚರಿಗೆ,

ನಿಮ್ಮ ವಿನೆಗರನ್ನು ನಾನು ನಂಬಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಕಾಚಂಪುಳಿ ಉಂಟು. ಹಂದಿಸಾರಿಗೆ ಹಾಕುವ ಕಪ್ಪು ಹುಳಿ, ನನ್ನ ಅತ್ತೆ ಕಾಸಿಟ್ಟದ್ದು. ಎರಡು ಬಟ್ಟಲಲ್ಲಿ ಹಾಕಿದೆ. ಒಂದಕ್ಕೆ ಮೂರ್ನಾಡಿನ ಅಂಗಡಿಯಿಂದ ಹೊಸದಾಗಿ ತರಿಸಿದ ಸುಣ್ಣ ಒಂದು ಚಮಚ. ಸುಮ್ಮನೆ ಕರಗಿ ಕೂತಿತು. ಇನ್ನೊಂದಕ್ಕೆ ಸ್ಟೋರಿನ ನೆಲದಲ್ಲಿ ಗುಡಿಸಿದಾಗ ಸಿಕ್ಕ ಪುಡಿ. ಕಪ್ಪು ನೊರೆ ಬಟ್ಟಲು ಮೀರಿ ಕಲ್ಲಿನ ಮೇಲೆಲ್ಲ ಹರಿಯಿತು. ಒರೆಸುವಷ್ಟರಲ್ಲಿ ಸಾಕಾಯಿತು.

ಸುಣ್ಣದ ಮಟ್ಟಿಗೆ ನೀವು ಹೇಳಿದ್ದು ಸರಿ.

ಸ್ಟೋರಿನ ಕೀಲಿ ರೈಟರ್ ಸಣ್ಣಸ್ವಾಮಿಯ ಸೊಂಟದಲ್ಲಿರುತ್ತದೆ. ಚೀಲ ಬಿಚ್ಚಿ ಬಿಟ್ಟವ ಅವನು. "ನಾನು ಬಿಚ್ಚಲಿಲ್ಲಮ್ಮಾ, ಮೇ ತಿಂಗಳಲ್ಲಿ ನೋಡುವಾಗಲೇ ಬಾಯಿ ತೆರೆದಿತ್ತು" ಅಂತ ಕಾಲಿಗೆ ಬಿದ್ದ. ನಿನ್ನೆ ಅವನನ್ನೂ ಕಳಿಸಿದೆ. ಹದಿನಾಲ್ಕು ವರ್ಷದ ರೈಟರ್. ನಿಮ್ಮ ವಿಜ್ಞಾನಕ್ಕೆ ಇನ್ನೂ ಎಷ್ಟು ಜನ ಬೇಕು?

ಇನ್ನು ಬರೆಯಬೇಡಿ.

ತಂಗಮ್ಮ


ಆಗಸ್ಟ್ 3, 2024

ಶ್ರೀಮತಿ ತಂಗಮ್ಮನವರಿಗೆ,

ಬರೆಯಬೇಡಿ ಎಂದಿರಿ. ಬರೆಯದೆ ವಿಧಿಯಿಲ್ಲ.

ಸುಣ್ಣ ಕೆಟ್ಟಿತ್ತು ಎಂದು ಒಪ್ಪಿದ ಮೇಲೆ ಜವರ ನಿರಪರಾಧಿ ಎಂದೂ ಒಪ್ಪಬೇಕು. ಅದನ್ನು ನೀವು ಎಲ್ಲೂ ಬರೆದಿಲ್ಲ. ನಿಮ್ಮ ಇಡೀ ಕಾಗದದಲ್ಲಿ ಅವನ ಹೆಸರೇ ಇಲ್ಲ. ತಪ್ಪು ಮಾಡಿದ ರೈಟರನ್ನು ತೆಗೆದದ್ದು ನಿಮ್ಮ ಇಷ್ಟ, ಅದರ ಬಗ್ಗೆ ನನಗೆ ಮರುಕವಿಲ್ಲ. ಅವನೇ ಅಲ್ಲವೇ ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಕುಡುಕ ಎಂದವನು?

ಕರಿಕೆಗೆ ಹೇಳಿಕಳಿಸಿ ಜವರನನ್ನು ವಾಪಸು ಕರೆಸಿ, ಕ್ಷಮೆ ಕೇಳಿ. ಮೇಲಿನವರಿಗೆ ನೀವು ಕೊಟ್ಟ ದೂರಿನ ಬಗ್ಗೆ ನನಗೆ ನೋಟೀಸು ಬಂದಿದೆ. ಉತ್ತರದ ಜೊತೆ ನಿಮ್ಮ ಜುಲೈ 24ರ ಕಾಗದದ ಪ್ರತಿಯನ್ನೂ ಲಗತ್ತಿಸಿದ್ದೇನೆ.

ಪದ್ಮಾಕ್ಷಿ


ಕರಿಕೆ
ಆಗಸ್ಟ್ 19

ಪದ್ಮಾಕ್ಷಿ ಮಿಸ್‌ಗೆ ಸುಮಿತಾ ಮಾಡುವ ನಮಸ್ಕಾರಗಳು.

ಮಿಸ್, ನಾವು ಇಲ್ಲಿ ಮಾವನ ಮನೆಯಲ್ಲಿದ್ದೇವೆ. ಅಪ್ಪ ರಬ್ಬರ್ ಹಾಲು ತೆಗೆಯಲು ಕಲಿಯುತ್ತಿದ್ದಾರೆ. ನಾನು ಶಾಲೆಗೆ ಸೇರಿಲ್ಲ. ಮಾವನ ಚಿಕ್ಕ ಮಗುವನ್ನು ನೋಡಿಕೊಳ್ಳುತ್ತೇನೆ. ನೀವು ಕೊಟ್ಟ ಪುಸ್ತಕದಲ್ಲಿ ಜೀವಕ್ರಿಯೆಗಳು ಪಾಠ ಎರಡು ಸಲ ಓದಿದೆ.

ರೈಟರ್ ಅಣ್ಣನನ್ನು ಕೆಲಸದಿಂದ ತೆಗೆದರು ಅಂತ ಲೈನಿನ ಹುಡುಗಿಯೊಬ್ಬಳು ಫೋನಿನಲ್ಲಿ ಹೇಳಿದಳು. ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಮಿಸ್, ಚೀಲ ಬಿಚ್ಚಿದ್ದು ರೈಟರ್ ಅಣ್ಣ ಅಲ್ಲ. ನಾನು.

ಒಂಬತ್ತನೇ ಕ್ಲಾಸಿನಲ್ಲಿ ಡಿಸೆಂಬರಿನಲ್ಲಿ ನೀವು ಉಸಿರಾಟದ ಪ್ರಯೋಗ ಮಾಡಿಸಿದಿರಿ. ಲ್ಯಾಬಿನಲ್ಲಿ ಸುಣ್ಣ ಇಲ್ಲ, ನಾಳೆ ಎಲ್ಲರೂ ಒಂದು ಹಿಡಿ ತನ್ನಿ, ತರದವರು ಹೊರಗೆ ನಿಲ್ಲಿ ಅಂದಿರಿ. ನಮ್ಮ ಮನೆಯಲ್ಲಿ ಸುಣ್ಣ ಇರಲಿಲ್ಲ. ಅವ್ವ ಸ್ಟೋರ್ ಗುಡಿಸಲು ಹೋಗುವಾಗ ನಾನೂ ಹೋದೆ. ಚೀಲದ ಹೊಲಿಗೆ ಬಿಚ್ಚಿ ಒಂದು ಹಿಡಿ ತೆಗೆದೆ. ಕಟ್ಟಲು ಹಗ್ಗ ಸಿಗಲಿಲ್ಲ. ಅಷ್ಟರಲ್ಲಿ ತೋಟದ ಅಮ್ಮನ ಜೀಪಿನ ಶಬ್ದ ಕೇಳಿತು, ಓಡಿಬಂದೆ. ಅವ್ವನಿಗೂ ಗೊತ್ತಿಲ್ಲ.

ಮರುದಿನ ಸುಣ್ಣದ ತಿಳಿನೀರಿಗೆ ಸ್ಟ್ರಾದಲ್ಲಿ ಊದಿದಾಗ ನನ್ನ ಗ್ಲಾಸೇ ಮೊದಲು ಹಾಲಿನ ಹಾಗೆ ಆಯಿತು. ನೀವು ವೆರಿ ಗುಡ್ ಅಂದಿರಿ.

ಜೂನಿನಲ್ಲಿ ನೀವು ಚೀಲದ ಪುಡಿಯನ್ನು ವಿನೆಗರಿಗೆ ಹಾಕಿ ವಿವರಿಸಿದ ದಿನವೇ ನನಗೆ ಗೊತ್ತಾಯಿತು. ಹೇಳಲು ಬಾಯಿ ಬರಲಿಲ್ಲ. ಅಪ್ಪನ ಕೆಲಸ ಹೋದದ್ದು ನನ್ನಿಂದ. ಅಪ್ಪನಿಗೆ ನೀವು ಹೇಳುತ್ತೀರಾ? ನನಗೆ ಆಗುವುದಿಲ್ಲ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಸುಮಿತಾ ಜೆ.


ಸೆಪ್ಟೆಂಬರ್ 5, 2024

ಶ್ರೀಮತಿ ತಂಗಮ್ಮನವರಿಗೆ,

ಈ ಕಾಗದವನ್ನು ನಾನು ಹತ್ತು ದಿನಗಳ ಹಿಂದೆಯೇ ಬರೆಯಬೇಕಿತ್ತು. ವಿಷಯ ತಿಳಿಸಿದ ಕಾಗದವನ್ನು ಹಾಜರಿ ಪುಸ್ತಕದಡಿ ಇಟ್ಟುಕೊಂಡು ಕೂತಿದ್ದೆ. ನಿಮ್ಮ ದೂರಿನ ವಿಚಾರಣೆ ಮುಗಿಯಲಿ ಎಂದು ಕಾದೆ. ಮುಗಿಯಿತು, ನನಗೆ ಏನೂ ಆಗಲಿಲ್ಲ. ಇವತ್ತು ಶಿಕ್ಷಕರ ದಿನಾಚರಣೆ. ಮಕ್ಕಳು ಹೂ ಕೊಟ್ಟರು. ಮನೆಗೆ ಬಂದವಳೇ ಬರೆಯಲು ಕೂತೆ.

ಸಣ್ಣಸ್ವಾಮಿ ಚೀಲ ಬಿಚ್ಚಲಿಲ್ಲ. ಅದನ್ನು ಬಿಚ್ಚಿಸಿದವಳು ನಾನು. ಕಳೆದ ಡಿಸೆಂಬರಿನಲ್ಲಿ ಒಂದು ಪ್ರಯೋಗಕ್ಕಾಗಿ ಮಕ್ಕಳಿಗೆ ಸುಣ್ಣ ತರಲು ಹೇಳಿದೆ. ಯಾರ ಮನೆಯಲ್ಲಿ ಉಂಟು, ಯಾರ ಮನೆಯಲ್ಲಿ ಇಲ್ಲ ಎಂದು ಯೋಚಿಸಲಿಲ್ಲ. ತರದವರು ಹೊರಗೆ ನಿಲ್ಲಬೇಕು ಎಂದೆ. ಒಂದು ಮಗು ನಿಮ್ಮ ಸ್ಟೋರಿನಿಂದ ಒಂದು ಹಿಡಿ ತಂದಿತು. ಚೀಲ ತೆರೆದೇ ಉಳಿಯಿತು.

ನಮ್ಮ ಉಸಿರು ತಾಗಿ ಸುಣ್ಣದ ತಿಳಿನೀರು ಬೆಳ್ಳಗಾದಾಗ ನಾನು ಬೋರ್ಡಿನ ಮೇಲೆ ಸಮೀಕರಣ ಬರೆದೆ, ಮಕ್ಕಳು ಬರೆದುಕೊಂಡರು. ಅದೇ ಸಮೀಕರಣ ಐದು ತಿಂಗಳು ನಿಮ್ಮ ಸ್ಟೋರಿನಲ್ಲಿ ನಿಧಾನವಾಗಿ ನಡೆಯಿತು. ಹದಿನೆಂಟು ವರ್ಷದಿಂದ ಕಲಿಸುತ್ತಿದ್ದೇನೆ. ಸುಣ್ಣದ ಡಬ್ಬಿಯ ಮುಚ್ಚಳ ಮುಚ್ಚಿ ಎಂದು ಒಂದು ಸಲವೂ ಹೇಳಿದ ನೆನಪಿಲ್ಲ. ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲ.

ಬೇಕಾದರೆ ನನ್ನ ಮೇಲೆ ಇನ್ನೊಂದು ದೂರು ಬರೆಯಿರಿ. ಮಗುವಿನ ಹೆಸರು ಕೇಳಬೇಡಿ. ಸಣ್ಣಸ್ವಾಮಿಯನ್ನು ವಾಪಸು ಕರೆಯಿರಿ. ಮರುಕವಿಲ್ಲ ಎಂದು ಅವನ ಬಗ್ಗೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಪದ್ಮಾಕ್ಷಿ


ಕಕ್ಕಬೆ
ಸೆಪ್ಟೆಂಬರ್ 16

ಟೀಚರಿಗೆ,

ಹೆಸರು ಕೇಳಬೇಡಿ ಅಂದರೆ ಗೊತ್ತಾಗುವುದಿಲ್ಲವಾ? ನನ್ನ ಸ್ಟೋರ್ ಗುಡಿಸುವವಳು ಬೆಳ್ಳಿ ಒಬ್ಬಳೇ, ಅವಳಿಗೆ ಮಗಳು ಒಬ್ಬಳೇ.

ಓದಿದ ಕೂಡಲೆ ಏನನ್ನಿಸಿತು ಹೇಳಲಾ? ಖುಷಿಯಾಯಿತು. ನಾನು ಗೆದ್ದೆ ಅನ್ನಿಸಿತು. ಜವರನ ಮನೆಯಿಂದಲೇ ಬಂತಲ್ಲ ತಪ್ಪು, ಕಳಿಸಿದ್ದು ಸರಿಯೇ ಆಯಿತು ಅಂತ. ನಿಮಗೆ ಚುಚ್ಚಿ ಬರೆಯಲು ನಾಲ್ಕು ಹಾಳೆ ತೆಗೆದಿಟ್ಟೆ.

ಮರುದಿನ ಸಣ್ಣಸ್ವಾಮಿಯನ್ನು ಕರೆಸಿದೆ. ಚೀಲದ ಮಾತು ಮುಗಿಸಿ, ನಾಳೆಯಿಂದ ಬಾ ಅಂದೆ. ಅವ ಹೋಗಲಿಲ್ಲ. ಜಗಲಿಯ ಮೆಟ್ಟಿಲಲ್ಲೇ ನಿಂತ. "ಅಮ್ಮಾ, ಕತ್ತಿ ಕೆಂಪಾಗಿದೆ ಅಂತ ನಾನು ಬಂದು ಹೇಳಿದ್ದು ನಿಮಗೆ ನೆನಪುಂಟಲ್ಲಾ?" ಅಂತ ಕೇಳಿದ.

ನೆನಪುಂಟು ಟೀಚರ್. ನೀವು ಮೊದಲ ಕಾಗದದಲ್ಲಿ ಕತ್ತಿಯ ವಿಷಯ ಬರೆದಾಗಲೂ ನೆನಪಿತ್ತು.

ಮೇ 28, ಮೋಡ ಕಟ್ಟಿತ್ತು. ಸಣ್ಣಸ್ವಾಮಿ ಇದೇ ಮೆಟ್ಟಿಲಿಗೆ ಬಂದು "ಜವರ ನಿಲ್ಲಿಸಿದ್ದಾನಮ್ಮಾ, ಸುಣ್ಣ ಸಾಲದಂತೆ, ಹೊಸದು ತರಬೇಕಂತೆ" ಅಂದ. ಹೊಸ ಸುಣ್ಣಕ್ಕೆ ಮೂರ್ನಾಡಿಗೆ ಹೋಗಿಬರುವಷ್ಟರಲ್ಲಿ ಮಳೆ ಹಿಡಿದರೆ ಈ ವರ್ಷದ ಮದ್ದು ಹೋಯಿತು ಅಂತ ನನ್ನ ಲೆಕ್ಕ. "ಜವರ ಯಾವಾಗಿಂದ ಸೈಂಟಿಸ್ಟ್ ಆದ? ಹೊಡೆಯೋಕೆ ಹೇಳು" ಅಂದೆ. ಆವತ್ತು ಮಳೆ ಬರಲಿಲ್ಲ. ಮೂರು ದಿನ ಬರಲಿಲ್ಲ.

ಬಳ್ಳಿ ಸುಟ್ಟ ಮೇಲೆ ಜವರ ಕುಡಿದಿರಬೇಕು ಅಂತ ಮೊದಲು ಹೇಳಿದ್ದು ಸಣ್ಣಸ್ವಾಮಿಯಲ್ಲ. ನಾನು. ಅವನು ಹೌದಮ್ಮಾ ಅಂದ, ಅಷ್ಟೇ.

ತಪ್ಪನ್ನು ಆ ಮಗುವಿನ ಮೇಲೆ ಹಾಕಬೇಡಿ. ಚೀಲ ತೆರೆದಿದ್ದರೂ ಕತ್ತಿ ಹೇಳಿತ್ತು. ಕತ್ತಿಯ ಮಾತು ಕೇಳಿದ್ದರೆ ಒಂದು ಎಲೆಯೂ ಸುಡುತ್ತಿರಲಿಲ್ಲ. ಇಷ್ಟನ್ನು ನಿಮ್ಮ ಶಾಲೆಗೆ ಬರದೆಯೂ ನಾನು ಬಲ್ಲೆ.

ಇದನ್ನೂ ಲಗತ್ತಿಸುತ್ತೀರೋ ನಿಮ್ಮಿಷ್ಟ.

ತಂಗಮ್ಮ


ಸೆಪ್ಟೆಂಬರ್ 23, 2024

ಶ್ರೀಮತಿ ತಂಗಮ್ಮನವರಿಗೆ,

ಹಾಗಾದರೆ ನಿಮಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅವರು ಪಾತ್ರೆ ಹೊತ್ತು ಹೋಗುವಾಗ ಗೊತ್ತಿತ್ತು. ಹುಡುಗಿ ಪುಸ್ತಕ ಎದೆಗೆ ಹಿಡಿದದ್ದನ್ನು ನನಗೆ ಬರೆದಾಗಲೂ ಗೊತ್ತಿತ್ತು.

ನಿಮ್ಮನ್ನು ಕ್ಷಮಿಸುವ ಅಧಿಕಾರ ನನಗಿಲ್ಲ. ನನ್ನ ಕೈಯೂ ಶುದ್ಧವಿಲ್ಲ. ನನ್ನ ಪಾಲಿನದನ್ನು ಮಾಡಿದ್ದೇನೆ. ಭಾನುವಾರ ಕರಿಕೆಗೆ ಹೋಗಿ ಜವರನ ಮುಂದೆ ಕೂತು ಸುಣ್ಣದ ವಿಷಯ ಹೇಳಿದೆ. ಅವನು ಮಗಳನ್ನು ಕರೆದು, "ಇಷ್ಟಕ್ಕಾ ಊಟ ಬಿಟ್ಟದ್ದು ನೀನು?" ಎಂದ. ಅವಳು ಅವನ ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಅವಳಿಗೆ ಇಲ್ಲಿಯ ಬಾಲಕಿಯರ ಹಾಸ್ಟೆಲಿನಲ್ಲಿ ಜಾಗ ಕೊಡಿಸಿದ್ದೇನೆ. ದಸರಾ ರಜೆ ಮುಗಿದ ಮೇಲೆ ಬರುತ್ತಾಳೆ.

ನಿಮ್ಮ ವಿಷಯ ನಾನು ಹೇಳಲಿಲ್ಲ. ಅದನ್ನು ನೀವೇ ಹೋಗಿ ಹೇಳಬೇಕು.

ಪದ್ಮಾಕ್ಷಿ


ಕಕ್ಕಬೆ
ಅಕ್ಟೋಬರ್ 29

ಟೀಚರಿಗೆ,

ನೀವು ಹೇಳಿದಿರಿ ಅಂತ ಹೋದದ್ದಲ್ಲ. ಇದು ಮೊದಲು ಗೊತ್ತಿರಲಿ.

ಕಾವೇರಿ ಸಂಕ್ರಮಣ ಕಳೆದ ವಾರ ಕರಿಕೆಗೆ ಹೋದೆ. ಬೆಳ್ಳಿ ಕಾಫಿ ಕೊಟ್ಟಳು. ಜವರ ಹೊರಗೆ ಹಲಸಿನ ಮರದ ಬುಡದಲ್ಲೇ ನಿಂತಿದ್ದ. ನಾನೇ ಅಲ್ಲಿಗೆ ಹೋದೆ. ಮೆಟ್ಟಿಲ ಹತ್ತಿರ ನಡೆದದ್ದನ್ನು ಹೇಳಿದೆ. "ಗೊತ್ತುಂಟು" ಅಂದ. ಸಣ್ಣಸ್ವಾಮಿ ಅವತ್ತೇ ಅವನಿಗೆ ಹೇಳಿದ್ದನಂತೆ. ಇಷ್ಟು ದಿನ ಅವನೂ ಬಾಯಿ ಬಿಟ್ಟಿರಲಿಲ್ಲ.

ಕೆಲಸ ಉಂಟು, ಮನೆ ಉಂಟು, ವಾಪಸು ಬಾ ಅಂದೆ. "ಕುಡುಕ ಅಂತ ನೀವು ಹೇಳಿದ್ದು ಲೈನಿನವರ ಎದುರಿಗೆ" ಅಂದ. ಬೇರೆ ಏನೂ ಕೇಳಲಿಲ್ಲ. ಸೋಮವಾರ ಹಾಜರಿಗೆ ಬಾ, ಅವರ ಎದುರಿಗೇ ಹೇಳುತ್ತೇನೆ ಅಂದೆ.

ನಿನ್ನೆ ಸೋಮವಾರ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಅವನು ಬಂದಿದ್ದ. ಭಾಗಮಂಡಲದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಬಿಳಿ ಅಂಗಿ ಹಾಕಿದ್ದ, ಇಸ್ತ್ರಿ ಮಾಡಿದ್ದು. ಮೂವತ್ತಾರು ಆಳು ಸಾಲಾಗಿ ನಿಂತಿದ್ದರು. ಏನೇನೋ ಯೋಚಿಸಿಟ್ಟಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಜವರ ಕುಡಿದಿರಲಿಲ್ಲ. ಸುಣ್ಣ ಸಾಲದು ಅಂತ ಅವ ಹೇಳಿದ್ದ, ಕೇಳದೆ ಹೊಡೆಸಿದ್ದು ನಾನು." ಸಣ್ಣಸ್ವಾಮಿ ತಲೆ ತಗ್ಗಿಸಿದ. ಹೆಂಗಸರಲ್ಲಿ ಯಾರೋ ಕೆಮ್ಮಿದರು. ಅರವತ್ತರ ಹತ್ತಿರ ಬಂದಿದ್ದೇನೆ, ಆ ಅಂಗಳ ಅಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ.

ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ಮಗುವಿನ ಪರೀಕ್ಷೆ ಮುಗಿಯುವವರೆಗೆ ಅವಳಿಗೆ ಏನು ಬೇಕಾದರೂ ನನಗೆ ಹೇಳಿಕಳಿಸಿ. ಬೇರೆ ವಿಷಯಕ್ಕೆ ಬರೆಯಬೇಡಿ.

ಜವರ ಕೆಲಸಕ್ಕೆ ಬರಲಿಲ್ಲ. ನಾನು ಹೇಳಿ ಮುಗಿಸುವವರೆಗೆ ಕೈಕಟ್ಟಿ ನಿಂತಿದ್ದ. ಆಮೇಲೆ ಲೈನಿನ ಒಬ್ಬೊಬ್ಬರ ಮುಖವನ್ನೂ ನೋಡಿದ, ಗೇಟಿನ ಕಡೆಗೆ ತಿರುಗಿದ. ನಾನು ಜೀಪಿನ ಕೀಲಿ ತೆಗೆದುಕೊಂಡು ಹಿಂದೆ ಹೋದೆ. ಕರಿಕೆಯವರೆಗೆ ಬಿಡುತ್ತೇನೆ, ಜೀಪು ಹತ್ತು ಅಂದೆ.

"ಬಸ್ಸುಂಟಮ್ಮಾ" ಅಂದ.

ತಂಗಮ್ಮ